ಮೊಂಡಿಯ ಅಳತೆ

"ಯಾರನ್ನ ಕೇಳಿ ಬದಲಾಯಿಸಿದೆ?"

ಸೈಕಲ್ ಅಂಗಡಿಯ ಬಾಗಿಲಲ್ಲೇ ಗುಡುಗಿದಳು ಅವಳು. ರಿಪೇರಿಗೆ ಕೊಟ್ಟಿದ್ದ ರೇಸ್ ಸೈಕಲ್ಲನ್ನು ಹತ್ತಿ ಬೀದಿಯ ತಿರುವು ಕೂಡ ದಾಟಿರಲಿಲ್ಲ, ಅಷ್ಟರಲ್ಲೇ ವಾಪಸ್ ಬಂದಿದ್ದಳು.

ಮೆಕ್ಯಾನಿಕ್ ತಲೆ ಎತ್ತಲಿಲ್ಲ. "ಏನನ್ನ?"

"ಸ್ಟೆಮ್! ನಂದು ಉದ್ದದ್ದಿತ್ತು. ಇದು ಮೋಟು, ಮೇಲಕ್ಕೆ ಬೇರೆ ಎದ್ದಿದೆ. ತರಕಾರಿ ತರೋಕೆ ಹೊರಟಿರೋ ಹಾಗೆ ಕೂತಿದೀನಿ!"

ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ, ಗೇಣುದ್ದವೂ ಇಲ್ಲದ ತುಂಡು ಅದು. ಅದು ಮೋಟಾದರೆ ಮುಂದಕ್ಕೆ ಬಗ್ಗಲು ಆಗದು. ಬಗ್ಗದಿದ್ದರೆ ವೇಗವೂ ಬಾರದು. ಇದನ್ನು ಅವನಿಗೆ ಹೇಳಿಕೊಡಬೇಕೆ?

"ನಿಮ್ಮಮ್ಮ ಬಂದಿದ್ರು," ಎಂದ ಕೊನೆಗೂ. "ಅತ್ತುಬಿಟ್ರು... ಅವಳು ಮತ್ತೆ ರೇಸಿಗೆ ಹೋಗದ ಹಾಗೆ ಏನಾದ್ರೂ ಮಾಡಪ್ಪಾ ಅಂದ್ರು."

"ನೀನು ತಲೆ ಆಡಿಸಿದೆ!"

ಬೆಟ್ಟದ ಇಳಿಜಾರಿನಲ್ಲಿ ಬಿದ್ದು ಮಣಿಕಟ್ಟು ಮುರಿದಾಗಿನಿಂದ ಅಮ್ಮ, ಅಣ್ಣ, ನೆರೆಯವರು ಎಲ್ಲರೂ ಬೇಡ ಎಂದವರೇ. ಇವನು ಮಾತ್ರ ಹಾಗಲ್ಲ ಅಂದುಕೊಂಡಿದ್ದೆನಲ್ಲ... ಪ್ರತಿ ಭಾನುವಾರ ಜೊತೆಯಲ್ಲೇ ಬೆಟ್ಟ ಹತ್ತಿದವನು, ನನಗೆ ಮೊಂಡಿ ಅಂತ ಹೆಸರಿಟ್ಟವನು, ಇವನೂ ಅವರ ಕಡೆಗೇ ಸೇರಿಬಿಟ್ಟನಾ? ಸೈಕಲ್ಲನ್ನು ತಳ್ಳಿಕೊಂಡೇ ಅವಳು ಒಳಗೆ ನುಗ್ಗಿದಳು.

"ಟೈಟಾನಿಯಂ ಸ್ಟೆಮ್ ಕೊಡು. ನನ್ನ ಹಳೇ ಅಳತೇದು."

"ಅಲ್ಯೂಮಿನಿಯಂ ಸಾಕಲ್ಲ? ಟೈಟಾನಿಯಂ ಹಾಕಿದ್ರೆ ವೇಗವೇನೂ ಜಾಸ್ತಿ ಆಗಲ್ಲ."

"ಗೊತ್ತು!" ತೋಳು ಸರಿಸಿ ಮಣಿಕಟ್ಟಿನ ಹೊಲಿಗೆ ಗುರುತನ್ನು ಅವನ ಮುಖಕ್ಕೆ ಹಿಡಿದಳು. "ಡಾಕ್ಟರು ಇದರೊಳಗೆ ಟೈಟಾನಿಯಂ ಪಟ್ಟಿ ಕೂರಿಸಿದಾರೆ. ಒಳಗಿರೋದೇ ಹೊರಗೂ ಇರ್ಲಿ. ಕೈ ನಂದು, ಸೈಕಲ್ ನಂದು. ಈ ಸಲದ ರೇಸಿಗೆ ಹೋಗೇ ಹೋಗ್ತೀನಿ!"

"ನೀನು ಬಿದ್ದಾಗ ಹಿಂದೆ ಇದ್ದೋನು ನಾನು!" ಕೈಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ ಅವನು. "ಆ ಸದ್ದು ಇನ್ನೂ ಕಿವೀಲಿದೆ ಮೊಂಡಿ..."

"ಬಿದ್ದೋಳು ನಾನು! ನನಗಿಲ್ಲದ ಭಯ ನಿನಗ್ಯಾಕೋ?"

ಅವನು ಮೇಜಿನ ಡ್ರಾ ಎಳೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಏನನ್ನೋ ಅವಳ ಮುಂದಿಟ್ಟ. ಬೂದು ಬಣ್ಣದ ಟೈಟಾನಿಯಂ ಸ್ಟೆಮ್! ತಿರುಗಿಸಿ ಅಳತೆ ನೋಡಿದಳು... ಅವಳದೇ.

"ನೀನು ಬೀಳೋಕೆ ಮುಂಚೇನೇ ತರಿಸಿದ್ದೆ. ಇದನ್ನ ಕೊಟ್ಟು ಒಂದು ಮಾತು ಹೇಳೋಣ ಅಂತಿದ್ದೆ. ಆಮೇಲೆ ಬಚ್ಚಿಟ್ಟೆ. ನಿನ್ನ ಕಳ್ಕೊಂಡುಬಿಡ್ತೀನೇನೋ ಅಂತ... ನಿನ್ನನ್ನ ಕೇಳದೇನೇ ತೀರ್ಮಾನ ಮಾಡ್ಬಿಟ್ಟೆ. ತಪ್ಪಾಯ್ತು."

ಅವಳ ಕಣ್ಣು ತುಂಬಿತು. ಆದರೆ ಗತ್ತು ಇಳಿಯಬೇಕಲ್ಲ!

"ಮಾತು ಆಮೇಲೆ. ಮೊದಲು ಚಕ್ರ ಹಿಡ್ಕೋ."

ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿಹಿಡಿದು ಅವನು ನಿಂತ. ಮೋಟು ಸ್ಟೆಮ್ ಬಿಚ್ಚಿ, ಹೊಸದನ್ನು ಕೂರಿಸಿ, ಬೋಲ್ಟುಗಳನ್ನೆಲ್ಲ ಅವಳೇ ಬಿಗಿದಳು. ಮಣಿಕಟ್ಟು ಸ್ವಲ್ಪ ನೋಯಿತು. ಅವನು ನೋಡಿದ, ಆದರೆ ಕೈ ಚಾಚಲಿಲ್ಲ. ಅದು ಅವಳಿಗೆ ತುಂಬಾ ಹಿಡಿಸಿತು.

"ನೇರ ಇದೆಯಾ?"

"ಇದೆ."

"ಸ್ಟೆಮ್ ನೋಡಿ ಹೇಳು, ನನ್ನ ಮುಖ ನೋಡಿ ಅಲ್ಲ."

ಅವನು ನಕ್ಕುಬಿಟ್ಟ. "ನಿಮ್ಮಮ್ಮಂಗೆ ಏನು ಹೇಳ್ಲಿ?"

"ಅವಳು ಹೋಗೇ ಹೋಗ್ತಾಳೆ ಅನ್ನು. ಆ ಇನ್ನೊಂದು ಮಾತನ್ನೂ ಅಲ್ಲೇ ಹೇಳ್ಬಿಡು."

"ಮೊದಲು ನಿನಗೆ ಹೇಳ್ಬೇಡವಾ?"

"ನನಗೆ ಯಾವಾಗ್ಲೋ ಗೊತ್ತು, ಪೆದ್ದ... ಆದ್ರೂ ಹೇಳು."

"ನೀನಂದ್ರೆ ನಂಗೆ ಪ್ರಾಣ ಕಣೇ," ಎಂದ ಅವನು, ಪಿಸುದನಿಯಲ್ಲಿ.

"ಜೋರಾಗಿ ಹೇಳೋ! ಬೀದಿಗೆಲ್ಲ ಕೇಳಿಸ್ಲಿ!"