ಕಿರುಬೆರಳಿನ ಹಸಿರು ಗಾಜು

"ಅದನ್ನ ಕೆಳಗಿಡಿ. ಅದು ನಂದು!"

ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ವಾದ್ಯದಂಗಡಿಯ ಮೇಜಿನ ಮೇಲೆ ಒಂದು ತಟ್ಟೆ. ತಟ್ಟೆಯ ತುಂಬ ಗಿಟಾರ್ ಸ್ಲೈಡ್‌ಗಳು... ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವ ಕೊಳವೆಗಳು. ಹಿತ್ತಾಳೆಯವು, ಉಕ್ಕಿನವು, ಗಾಜಿನವು. ಎಲ್ಲವೂ ಉದ್ದುದ್ದ. ಗಿಡ್ಡದು ಒಂದೇ ಒಂದು. ಹಳೆಯ ಹಸಿರು ಬಾಟಲಿಯ ಕತ್ತು ಕತ್ತರಿಸಿ ಮಾಡಿದ್ದು. ಅದು ಈಗ ಅವಳ ಬೆರಳುಗಳ ನಡುವೆ ಇತ್ತು.

"ನಿನ್ನೆಯೇ ನೋಡಿಟ್ಟು ಹೋಗಿದ್ದೆ" ಎಂದ ಅವನು. ಎತ್ತರದ ಆಳು, ಗಂಟಿಕ್ಕಿದ ಹುಬ್ಬು, ಅಂಗಿಯ ಜೇಬಿನಲ್ಲಿ ಮೂರು ನಾಲ್ಕು ಕನ್ನಡಕ.

"ನೋಡಿ... ಹೋದ್ರೆ... ನಿಮ್ಮದಾಗುತ್ತಾ?"

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ, ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ."

ಅವಳ ಕಿವಿ ಕೆಂಪಾಯಿತು. ಹೇಳಬೇಕಾದ ಮಾತುಗಳೆಲ್ಲ ಗಂಟಲಲ್ಲೇ ಸಾಲುಗಟ್ಟಿ ನಿಂತವು. ಯಾವಾಗಲೂ ಹೀಗೇ! ರಾತ್ರಿ ಮಲಗಿದ ಮೇಲೆ ಒಳ್ಳೊಳ್ಳೆಯ ಉತ್ತರಗಳು ಹೊಳೆಯುತ್ತವೆ. ಬೇಕಾದಾಗ ಒಂದೂ ಬರುವುದಿಲ್ಲ.

ಅವಳು ತಡವರಿಸುವಷ್ಟರಲ್ಲಿ ಅವನು ಸ್ಲೈಡನ್ನು ಕಿತ್ತುಕೊಂಡು ತನ್ನ ಕಿರುಬೆರಳಿಗೆ ಒತ್ತಿಯೇ ಬಿಟ್ಟ.

ಒತ್ತಿದ್ದೇನೋ ಸರಿ. ತೆಗೆಯಲು ಹೋದರೆ ಬರಲಿಲ್ಲ. ಎಳೆದ, ತಿರುಗಿಸಿದ, ಹಲ್ಲು ಕಚ್ಚಿದ. ಊಹೂಂ! ಬೆರಳು ಕೆಂಪಗಾಗಿ ಊದತೊಡಗಿತು.

"ಅಯ್ಯೋ ನಿಮ್ಮ! ಹಾಕೋ ಮುಂಚೆ ಬೆರಳು ನೋಡ್ಕೋಬಾರ್ದಾ?" ಅಂಗಡಿ ಆಂಟಿ ಹಣೆ ಚಚ್ಚಿಕೊಂಡರು. "ಹೋಗಿ, ಒಳಗೆ ನಲ್ಲಿ ಹತ್ರ ಸೋಪಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಫಕ್ಕನೆ, ಜೋರಾಗಿಯೇ ಬಂದುಬಿಟ್ಟಿತು.

"ನಗಿ, ನಗಿ! ನಿಮ್ಮ ಬೆರಳಲ್ವಲ್ಲ!" ಎಂದು ಗುರುಗುಟ್ಟುತ್ತಾ ಅವನು ಒಳಗೆ ಹೋದ.

ಆಂಟಿ ಅವಳತ್ತ ತಿರುಗಿದರು. "ಅಲ್ಲಮ್ಮಾ, ಇಷ್ಟೊಂದು ಉದ್ದದ್ದು ಬಿದ್ದಿವೆ. ಆ ಚೋಟುದ್ದದ್ದೇ ಯಾಕೆ ಬೇಕು?"

"ಉದ್ದದ್ದು ಹಾಕಿದ್ರೆ ಬೆರಳು ಕೋಲಿನ ಹಾಗೆ ನಿಂತುಬಿಡುತ್ತೆ ಆಂಟಿ. ಗಿಡ್ಡದಾದ್ರೆ ಗಿಣ್ಣು ಮಡಚಬಹುದು. ಕಿರುಬೆರಳಲ್ಲಿ ಇದು, ಉಳಿದ ಮೂರು ಬೆರಳಲ್ಲಿ ಕಾರ್ಡ್, ಅಂದ್ರೆ ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತೋದು. ನಂಗೆ ಎರಡೂ ಬೇಕು... ಒಟ್ಟಿಗೆ."

ಅಷ್ಟರಲ್ಲಿ ಅವನು ನೊರೆ ಸುರಿಯುವ ಕೈಯಲ್ಲಿ ಹೊರಗೆ ಬಂದ. ಆಂಟಿ ತೀರ್ಪು ಕೊಟ್ಟರು. "ಸಡಿಲ ಆದ್ರೆ ಒಳಗೆ ಚರ್ಮದ ಪಟ್ಟಿ ಅಂಟಿಸ್ಬಹುದು. ಬಿಗಿ ಆದ್ರೆ ಬೆರಳು ಕೆತ್ತೋಕಾಗುತ್ತಾ? ಆ ಹುಡುಗಿಗೆ ಕೊಡಿ."

ಅವನು ಅದನ್ನು ಟಣ್ಣನೆ ಮೇಜಿನ ಮೇಲಿಟ್ಟ. "ತಗೊಳ್ಳಿ. ಚಿಂದಿ ತುರುಕಿಕೊಂಡು ನುಡಿಸಿ!"

ಅವನು ಮೆಟ್ಟಿಲಿಳಿದು ಹೋದ ಮೇಲೆಯೇ ಅವಳು ಅದನ್ನು ತನ್ನ ಬಲಗೈಯ ಕಿರುಬೆರಳಿಗೆ ತೊಟ್ಟು ನೋಡಿದಳು. ಎಡಚಿ ಅವಳು. ಗಿಟಾರನ್ನೂ ತಿರುವುಮುರುವಾಗಿ ಹಿಡಿಯುವವಳು. ಎಡಗೈಯಲ್ಲಿ ಮೀಟಿ, ಬಲಗೈಯಲ್ಲಿ ತಂತಿ ಒತ್ತುವವಳು.

ತುಸು ಸಡಿಲವಿತ್ತು. ಇರಲಿ ಬಿಡು, ಅಂದುಕೊಂಡಳು. ಆ ಸಿಡುಕನ ಮುಖ ಮತ್ತೆ ನೋಡಬೇಕಿಲ್ಲವಲ್ಲ, ಅಷ್ಟು ಸಾಕು!

* * *

ಮರುದಿನ ಸಂಜೆ ನಾಟಕದ ತಾಲೀಮು ಕೋಣೆಯ ಬಾಗಿಲು ತಳ್ಳಿದರೆ... ಎದುರಿಗೆ ಅದೇ ಮುಖ! ಮಡಿಲಲ್ಲಿ ಗಿಟಾರ್. ಉಂಗುರದ ಬೆರಳಲ್ಲಿ ಉದ್ದನೆಯ ಹಿತ್ತಾಳೆ ಸ್ಲೈಡ್.

"ನೀವಾ?" ಇಬ್ಬರೂ ಒಟ್ಟಿಗೇ ಅಂದರು.

"ಪರಿಚಯ ಇದೆಯಾ? ಒಳ್ಳೇದಾಯ್ತು" ಎಂದ ನಿರ್ದೇಶಕಿ ಮೇಡಂ ಅವಳತ್ತ ಕೈ ತೋರಿಸಿದರು. "ಇವರು ಶಾಲೆಯಲ್ಲಿ ಸಂಗೀತ ಹೇಳಿಕೊಡ್ತಾರೆ. ಇವರು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಾರೆ. ಈಗ ಇಬ್ಬರೂ ಕೇಳಿ. ಈ ನಾಟಕದಲ್ಲಿ ತಾಯಿಗೆ ಮಾತು ನಿಂತುಹೋಗಿದೆ. ಅವಳ ದನಿ ಅಂದ್ರೆ ಗಿಟಾರೇ. ಸ್ಲೈಡ್ ಅವಳು ಮಕ್ಕಳನ್ನ ಕರೆಯೋ ಕೂಗು. ಕಾರ್ಡ್ ಅವಳ ಮನೆ. ಕೂಗು ಎದ್ದಾಗ ಮನೆ ನಿಲ್ಲಬಾರ್ದು."

"ಹಾಗಾದ್ರೆ ಇಬ್ಬರೂ ಬೇಕಲ್ಲ ಮೇಡಂ?" ಅವನು ಕೇಳಿದ.

"ತಾಯಿ ಒಬ್ಬಳೇ ಅಲ್ವಾ? ರಂಗದ ಮೇಲೆ, ಅವಳ ಪಕ್ಕದಲ್ಲಿ, ಒಂದೇ ಕುರ್ಚಿ. ಭಾನುವಾರ ಇಬ್ಬರದೂ ಕೇಳ್ತೀನಿ."

ಒಂದೇ ಕುರ್ಚಿ... ಎಷ್ಟು ನಾಟಕಗಳಿಗೆ ನುಡಿಸಿಲ್ಲ ಅವಳು! ಎಲ್ಲವೂ ಪರದೆಯ ಹಿಂದೆ, ಬಣ್ಣದ ಡಬ್ಬಗಳ ನಡುವೆ. ಒಮ್ಮೆಯಾದರೂ ದೀಪದ ಕೆಳಗೆ ಕೂರಬೇಕು. ಬಾಯಿ ಬಿಟ್ಟು ಹೇಳಲಾಗದ್ದನ್ನೆಲ್ಲ ಆ ತಾಯಿಯ ಪರವಾಗಿ ಹೇಳಬೇಕು. ಒಮ್ಮೆ ಸಾಕು!

"ಶುರು ಮಾಡೋಣ್ವಾ?" ಎಂದಳು ಮೆಲ್ಲಗೆ.

ಅವನು ಕುರ್ಚಿಯನ್ನು ಕಿರ್ರೆಂದು ಎಳೆದು, ಅವಳಿಗೆ ಬೆನ್ನು ತಿರುಗಿಸಿ, ಗೋಡೆಯತ್ತ ಮುಖ ಮಾಡಿ ಕುಳಿತ. ಅದು ಕುಣಿತ ಕಲಿಸುವ ಕೋಣೆ. ಆ ಗೋಡೆಯ ತುಂಬ ಕನ್ನಡಿ. ಅವಳು ಕನ್ನಡಿಗಳಿಂದ ಸದಾ ಕಣ್ಣು ತಪ್ಪಿಸುವವಳು, ಅತ್ತ ನೋಡಲೇ ಇಲ್ಲ.

"ಅದ್ಯಾಕೆ ಹಾಗೆ ಕೂತ್ರಿ?"

"ನಿಮ್ಮನ್ನ ನೋಡ್ತಾ ನನ್ನಿಂದ ನುಡಿಸೋಕಾಗಲ್ಲ."

ಚುಚ್ಚಿದಂತಾಯಿತು. ನೋಡಲೂ ಆಗದಷ್ಟು ಅಸಹ್ಯವೇ ನಾನು?

ಆದರೆ ಅವನ ಹಿತ್ತಾಳೆ ತಂತಿಯ ಮೇಲೆ ಜಾರಿದಾಗ... ಛೆ! ಕೆಟ್ಟದಾಗಿ ನುಡಿಸಬಾರದಿತ್ತೇ ಇವನು? ಯಾರೋ ಹೊಸ್ತಿಲಲ್ಲಿ ನಿಂತು ಕತ್ತಲೆಯತ್ತ ಕೂಗಿದಂತಿತ್ತು. ಅವಳ ಮೈ ಜುಂ ಎಂದಿತು. ದ್ವೇಷ ಮಾಡುವವನ ಕೈಯಲ್ಲಿ ಇಷ್ಟು ಮಮತೆ ಇರುವುದು ಅನ್ಯಾಯ ಅನ್ನಿಸಿತು.

ಕಾರ್ಡ್ ಬಂದ ಕೂಡಲೇ ಮಾತ್ರ ಅವನು ತಡವರಿಸುತ್ತಿದ್ದ. ಹಿತ್ತಾಳೆ ಹೊತ್ತ ಬೆರಳು ನೆಟ್ಟಗೆ ನಿಂತು ಉಳಿದವನ್ನೂ ಕೆಡಿಸುತ್ತಿತ್ತು.

"ಮನೆ ಬಿದ್ದೋಯ್ತು" ಎಂದಳು ಅವಳು. ಹೇಗೆ ಅಂದೆನೋ ಎಂದು ತನಗೇ ಗಾಬರಿ!

"ನಿಮ್ಮ ಕೂಗು ಪಕ್ಕದ ಕೋಣೆಗೂ ಕೇಳಲ್ಲ" ಎಂದ ಅವನು, ಬೆನ್ನು ತಿರುಗಿಸಿಕೊಂಡೇ.

* * *

"ಏನೇ ಗುಬ್ಬಿ, ಅನ್ನ ಕಲಸ್ತಿದ್ದೀಯೋ, ಯಾರನ್ನೋ ಜಜ್ಜುತ್ತಿದ್ದೀಯೋ?" ಮನೆಯಲ್ಲಿ ಅಕ್ಕ ಕೇಳಿದಳು.

"ಆ ಕನ್ನಡಕದವನನ್ನ."

"ಓಹೋ! ದಿನಾ ಅವನ ಬೆನ್ನಿನ ಸುದ್ದಿ ಹೇಳ್ತೀಯ. ಅಂಗಿಯ ಹೊಲಿಗೆ ಬಿಟ್ಟಿದೆ ಅಂತ ನಿನ್ನೆ, ಕೂದಲು ಕತ್ತರಿಸಿಕೊಂಡಿದ್ದಾನೆ ಅಂತ ಇವತ್ತು. ಬರೀ ಬೆನ್ನನ್ನ ಇಷ್ಟು ಚೆನ್ನಾಗಿ ಯಾರೇ ನೋಡ್ತಾರೆ?"

"ಅಕ್ಕಾ! ಸುಮ್ನಿರ್ತೀಯಾ?"

ಅಕ್ಕ ನಗುತ್ತಾ ತಟ್ಟೆ ಎತ್ತಿಕೊಂಡು ಎದ್ದಳು. ತಂಗಿಯ ಕಿವಿ ತುಂಬ ಹೊತ್ತು ಬಿಸಿಯಾಗಿಯೇ ಇತ್ತು.

ಶುಕ್ರವಾರ ಅನಾಹುತವಾಯಿತು. ಒಳಗೆ ಬಟ್ಟೆ ಸುತ್ತಿದ್ದರೂ ಹಸಿರು ಗಾಜು ಬೆರಳಿಂದ ಜಾರಿ, ನೆಲಕ್ಕೆ ಬಿದ್ದು, ಉರುಳಿ ಅವನ ಕಾಲ ಬಳಿ ನಿಂತಿತು. ಅಂಚು ಚಕ್ಕೆ ಎದ್ದಿತ್ತು.

ಅವನು ಎತ್ತಿಕೊಂಡು ಬೆಳಕಿಗೆ ಹಿಡಿದ. "ಇದು ತಂತಿಗೆ ಗೀರುತ್ತೆ. ನಂಗೆ ಕೊಟ್ಟಿರಿ, ನಮ್ಮಂಗಡಿಯಲ್ಲಿ ಗಾಜು ಉಜ್ಜೋ ಚಕ್ರಕ್ಕೆ ಹಿಡಿದು ಸರಿ ಮಾಡ್ತೀನಿ."

"ಬೇಡ."

"ಅರೆ, ನಂಬಿಕೆ ಇಲ್ವಾ?"

"ಇಲ್ಲ!"

ಅವನ ಮುಖ ಬಿಗಿಯಾಯಿತು. ಸ್ಲೈಡನ್ನು ಅವಳ ಗಿಟಾರ್ ಪೆಟ್ಟಿಗೆಯಲ್ಲಿಟ್ಟು ಮತ್ತೆ ಬೆನ್ನು ತಿರುಗಿಸಿದ.

ರಾತ್ರಿ ಕೋಣೆಯಲ್ಲೇ ಬಿಟ್ಟುಹೋಗಿದ್ದ ಪೆಟ್ಟಿಗೆಯನ್ನು ಶನಿವಾರ ತೆರೆದರೆ... ಸ್ಲೈಡ್ ಇಲ್ಲ! ಇಡೀ ಕೋಣೆ ತಡಕಾಡಿದಳು. ಅವನೂ ತಾಲೀಮಿಗೆ ಬರಲಿಲ್ಲ. ಯಾರು ತೆಗೆದುಕೊಂಡರೆಂದು ಅವಳಿಗೆ ಯಾರನ್ನೂ ಕೇಳಬೇಕೆನಿಸಲಿಲ್ಲ.

* * *

ಭಾನುವಾರ ಬೆಳಿಗ್ಗೆ ಅವನು ಒಳಗೆ ಕಾಲಿಡುತ್ತಿದ್ದಂತೆ ಅವಳು ಎದ್ದು ನಿಂತಳು.

"ಕಳ್ಳ!"

ಸೊಳ್ಳೆಯ ದನಿಯಲ್ಲ ಅದು. ಒಳಕೋಣೆಯಲ್ಲಿದ್ದ ಮೇಡಂ ಕೂಡ ಬಾಗಿಲಿಗೆ ಬಂದರು.

"ಹೌದು. ನಾನೇ ತಗೊಂಡೆ" ಎಂದ ಅವನು. ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಚಾಚಿದ. "ನೋಡಿ, ಆಮೇಲೆ ಬೈಯಿರಿ."

ಡಬ್ಬಿಯಲ್ಲಿ ಹಸಿರು ಗಾಜು. ಚಕ್ಕೆ ಮಾಯವಾಗಿತ್ತು. ಅಂಚು ನೀರಿನಂತೆ ನುಣುಪು. ಒಳಗೆ ತೆಳು ಚರ್ಮದ ಪಟ್ಟಿ. ಬುಡದ ಒಂದು ಬದಿಯನ್ನು ಓರೆಯಾಗಿ ಉಜ್ಜಿದ್ದ, ಪಕ್ಕದ ಬೆರಳಿಗೆ ತಾಗದೆ ಅದು ಸಲೀಸಾಗಿ ಆಡಲೆಂದು.

ಎಂದಿನಂತೆ ಗಾಜಿನ ದಪ್ಪ ಮಗ್ಗುಲು ತಂತಿಗೆ ತಾಗುವಂತೆ ಅವಳು ತೊಟ್ಟುಕೊಂಡಳು. ಗಿಟಾರ್ ಹಿಡಿದು ಕಾರ್ಡ್ ಒತ್ತಿದಳು. ಉಜ್ಜದ ಬದಿಯೇ ಪಕ್ಕದ ಬೆರಳಿಗೆ ಚುಚ್ಚಿತು. ಓರೆ ಇದ್ದದ್ದು ಆಚೆ ಬದಿಗೆ!

"ಬೇಕೂಂತ್ಲೇ ಮಾಡಿದ್ರಿ" ಅವಳ ಕಣ್ಣು ತುಂಬಿತು. "ನಾನು ಸೋಲಲಿ ಅಂತ... ತಿರುವುಮುರುವು ಉಜ್ಜಿದ್ರಿ!"

"ಏನಂತೀರಾ? ನಾನು ಅಳತೆ ನೋಡಿ..."

ಮಾತು ಅಲ್ಲೇ ನಿಂತಿತು. ಗಿಟಾರ್ ಹಿಡಿದ ಅವಳನ್ನು ಅವನು ಮೊದಲ ಬಾರಿಗೆ ನೇರವಾಗಿ ನೋಡುತ್ತಿದ್ದ. ಅವಳ ಬಲಗೈ, ಗಿಟಾರಿನ ಕತ್ತು, ಮತ್ತೆ ಬಲಗೈ... ಅವನ ಮುಖದ ಬಣ್ಣವೇ ಇಳಿದುಹೋಯಿತು.

"ನೀವು... ಎಡಗೈಯವರಾ?"

"ಇಷ್ಟು ದಿನ ಎದುರಿಗೇ ನುಡಿಸಿದ್ದೀನಿ! ಕಾಣ್ಲಿಲ್ವಾ?"

"ಎದುರಿಗೆ ಎಲ್ಲಿ ನೋಡಿದೆ?" ಅವನ ದನಿ ಈಗ ಅವಳದಕ್ಕಿಂತ ಸಣ್ಣಗಿತ್ತು. "ಕನ್ನಡಿಯಲ್ಲಿ ನೋಡ್ತಿದ್ದೆ. ಕನ್ನಡಿಯಲ್ಲಿ ನೀವು ಎಲ್ಲರ ಹಾಗೇ ಹಿಡಿದಿದ್ದೀರಿ. ಎಡಗೈ ಅಂತಲೇ ಅಳತೆ ಹಾಕ್ಬಿಟ್ಟೆ."

ಅವಳು ಗೋಡೆಯತ್ತ ನೋಡಿದಳು. ಅವನು ದಿನವೂ ಕೂರುತ್ತಿದ್ದ ಕುರ್ಚಿ ಅಲ್ಲೇ ಇತ್ತು. ಅದರೆದುರಿನ ಕನ್ನಡಿಯಲ್ಲಿ ಅವಳ ಮುಖ, ಅವಳ ಕೈ, ಗಿಟಾರ್... ಎಲ್ಲವೂ ನಿಚ್ಚಳ.

ಹಾಗಾದರೆ... ಬೆನ್ನು ತಿರುಗಿಸಿದ್ದು?

"ಅಂಗಡಿಯಲ್ಲಿ ನೀವು ನಕ್ಕಿರಲ್ಲ" ಎಂದ ಅವನು ನೆಲ ನೋಡುತ್ತಾ. "ಅವತ್ತಿಂದ ನೇರ ನೋಡಿದ್ರೆ ನನ್ನ ಕೈ ನಡುಗುತ್ತೆ. ನಿಮ್ಮನ್ನ ನೋಡ್ತಾ ನುಡಿಸೋಕಾಗಲ್ಲ ಅಂತ ಹೇಳಿದ್ದೆ. ಸುಳ್ಳು ಹೇಳಿರ್ಲಿಲ್ಲ."

ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ಆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ.

"ಅಷ್ಟಕ್ಕೆ ಕದಿಯೋದಾ? ನಾನು ಬೇಡ ಅಂದಿದ್ದೆ."

"ಕೇಳಿದ್ರೆ ಕೊಡ್ತಿರ್ಲಿಲ್ಲ."

"ಕೊಡ್ತಿರ್ಲಿಲ್ಲ. ಅದು ನನ್ನಿಷ್ಟ!"

"ತಪ್ಪಾಯ್ತು" ಎಂದ ಅವನು. ನೆಪ ಹೇಳಲಿಲ್ಲ, ನಗಲೂ ಇಲ್ಲ.

"ಜಗಳ ಮುಗೀತಾ?" ಮೇಡಂ ಬಾಗಿಲಿಂದ ಕೂಗಿದರು. "ಮೊದಲು ಯಾರು?"

ಅವನೇ ಮೊದಲು ಹೋದ. ಕೂಗು ಎಂದಿನಂತೆ ಎದೆ ಕಲಕಿತು. ಕಾರ್ಡ್ ಬಂದಾಗ ಮನೆ ಎಂದಿನಂತೆ ಕುಸಿಯಿತು.

ಅವಳ ಸರದಿ. ಸ್ಲೈಡನ್ನು ಹಾಗೇ ತೊಟ್ಟರೆ ಬೆರಳು ಆಡದು. ಬೆರಳ ಸುತ್ತ ಅರ್ಧ ತಿರುಗಿಸಿದಳು. ಓರೆ ಸರಿಯಾದ ಬದಿಗೆ ಬಂತು. ಆದರೆ ಆ ಬಾಟಲಿಗಾಜಿಗೆ ಒಂದು ಮಗ್ಗುಲು ದಪ್ಪ, ಒಂದು ಮಗ್ಗುಲು ತೆಳು. ತಿರುಗಿಸಿದ ಮೇಲೆ ತಂತಿಗೆ ತಾಗುವುದು ತೆಳು ಮಗ್ಗುಲು. ದನಿ ಸಣ್ಣಗಾಗುತ್ತದೆ.

ಸಣ್ಣಗಾದರೆ ಆಗಲಿ. ಸಣ್ಣ ದನಿ ನನಗೇನು ಹೊಸತೇ?

ನುಡಿಸಿದಳು. ಮೂರು ಬೆರಳಲ್ಲಿ ಮನೆ ಬೆಚ್ಚಗೆ ನಿಂತಿತ್ತು. ಅದರ ಮೇಲೆ ಕಿರುಬೆರಳು ಜಾರಿತು... ಕೂಗಲ್ಲ ಅದು. ಗಂಟಲು ಕಟ್ಟಿದ ತಾಯಿ ಉಸಿರಲ್ಲೇ ಮಕ್ಕಳ ಹೆಸರು ಹೇಳಿದಂತೆ. ಕೇಳಲು ಮುಂದಕ್ಕೆ ಬಾಗಬೇಕಾಯಿತು. ಮೇಡಂ ಬಾಗಿದರು. ಬಾಗಿಲ ಬಳಿ ನಿಂತಿದ್ದ ಅವನೂ ಬಾಗಿದ.

ಮುಗಿದ ಮೇಲೆ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾತು ನಿಂತವಳು ಕೂಗ್ತಾಳೆ ಅಂತ ನಾನೇ ತಪ್ಪು ತಿಳಿದಿದ್ದೆ. ಕುರ್ಚಿ ನಿನ್ನದಮ್ಮ."

* * *

ಮೇಡಂ ಚಹಾಕ್ಕೆ ಹೋದ ಮೇಲೆ ಅವನು ಗಿಟಾರ್ ಪೆಟ್ಟಿಗೆ ಮುಚ್ಚುತ್ತಾ ಹೇಳಿದ. "ಚೆನ್ನಾಗಿ ನುಡಿಸಿದ್ರಿ. ಹೊಟ್ಟೆ ಉರೀತಿದೆ, ಆದ್ರೂ ಹೇಳ್ತಿದ್ದೀನಿ."

"ಉರೀಲಿ."

"ಇನ್ನೊಂದು ಮಾಡಿಕೊಡ್ತೀನಿ. ಸರಿಯಾದ ಕೈಗೆ. ಅಂಗಡಿ ಆಂಟಿ ಹತ್ರ ಅಂಥದ್ದೇ ಬಾಟಲಿ ಕೇಳ್ತೀನಿ."

"ಬೇಡ. ಆ ಕುರ್ಚಿಗೆ ನಂಗೆ ಇದೇ ಬೇಕು. ತಪ್ಪಾಗಿ ಉಜ್ಜಿರೋದೇ."

ಅವನ ಮುಖ ಬಾಡಿತು. ಹೊರಡಲು ಪೆಟ್ಟಿಗೆ ಎತ್ತಿಕೊಂಡ.

ಹೋಗಿಬಿಡುತ್ತಾನೆ... ಈಗಲೂ ಗಂಟಲಲ್ಲೇ ಉಳಿದರೆ, ರಾತ್ರಿ ಹೊಳೆಯುವ ಉತ್ತರಕ್ಕೆ ಏನು ಬೆಲೆ?

"ರೀ!"

ಅವನು ತಿರುಗಿದ.

"ಆ ಕುರ್ಚಿಗೆ ಬೇಡ ಅಂದೆ. ಮನೆಯಲ್ಲಿ ನುಡಿಸೋಕೆ ಬೇಡ ಅಂದೆನಾ?" ಅವಳು ಬಲಗೈ ಮುಂದೆ ಚಾಚಿದಳು. "ಅಳತೆ ತಗೊಳ್ಳಿ. ಎದುರಿಗೆ ಕೂತು. ಕನ್ನಡಿ ಬೇಡ."

ಅವನು ಪೆಟ್ಟಿಗೆ ಕೆಳಗಿಟ್ಟ. ಕುರ್ಚಿ ಎಳೆದು, ಗೋಡೆಗೆ ಬೆನ್ನು ಮಾಡಿ, ಅವಳೆದುರು ಕುಳಿತ. ಅವನ ಕೈ ಅವಳ ಕಿರುಬೆರಳ ಹತ್ತಿರ ಬಂದು ಅಲ್ಲೇ ನಿಂತಿತು.

"ಮುಟ್ಟಬಹುದಾ?"

ಅವಳು ನಕ್ಕಳು. ಅಂಗಡಿಯಲ್ಲಿ ನಕ್ಕಂತೆಯೇ, ಜೋರಾಗಿ.

"ಈಗ ಕೇಳಿದ್ರಲ್ಲ... ಮುಟ್ಟಿ."