ಅಬ್ಬಿಯ ಪಾಲಿನ ಅನ್ನ

ಅಕ್ಕಿ ಚೀಲವನ್ನು ಜಲಜ ಅವನ ಕಾಲ ಬುಡಕ್ಕೇ ತಂದು ಹಾಕಿದಳು.

“ಹ್ವಾಯ್, ನಾನ್ ನಿಮ್ಮತ್ರ ಬೇಡುಕೆ ಬಂದಿದ್ನಾ?”

ಪ್ರೇಮಾನಂದ ತಬ್ಬಿಬ್ಬಾದ. ಕುಂದಾಪುರದ ಸಂಸ್ಥೆಯೊಂದರ ಪರವಾಗಿ ಬೀಜಾಡಿಯಲ್ಲಿ ಭಾಷಣ ಬಿಗಿದವನು ಅವನೇ: ಅನ್ನ ಭಿಕ್ಷೆಯಲ್ಲ, ಹಕ್ಕು; ವಿಶ್ವಸಂಸ್ಥೆಯ ಒಪ್ಪಂದವನ್ನು ನಮ್ಮ ದೇಶವೂ ಒಪ್ಪಿದೆ. ಭಾಷಣದುದ್ದಕ್ಕೂ ಇವಳ ಬಡಕಲು ಮುಖವನ್ನೇ ನೋಡಿ, ಮರುದಿನ ಗುಟ್ಟಾಗಿ ಇವಳ ಜಗಲಿಯಲ್ಲಿ ಚೀಲ ಇಟ್ಟವನೂ ಅವನೇ. ಹೇಳುವುದು ಶಾಸ್ತ್ರ, ಹಾಕುವುದು ಗಾಳ!

“ಅನ್ನ ಉಣ್ಕಾದ್ರೆ ನಾನ್ ಬಲೆ ಎಳೀತೆ,” ಎಂದು ಕಣ್ಣಂಚಿನಲ್ಲೇ ಅವನನ್ನು ಅಳೆದು ಹೊರಟಳು.

ಆ ಕಡಲ ದಡದಲ್ಲಿ ಊರವರೆಲ್ಲ ಸೇರಿ ಎಳೆಯುವ ಕೈರಂಪಣಿ ಬಲೆಯ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಉಂಟು; ಯಾರ ಮಗ, ಯಾವ ಊರು ಎಂದು ಕೇಳುವವರಿಲ್ಲ. ಮರುದಿನ ಬೆಳಿಗ್ಗೆ ಗುಲ್ವಾಡಿಯ ಬೇಸಾಯಗಾರರ ಮಗ ಪ್ರೇಮಾನಂದನೂ ಹಗ್ಗ ಹಿಡಿದ. ಅಂಗೈ ಸುಲಿಯಿತು. ಅವನು ಮರಳಲ್ಲಿ ಜಾರಿದಾಗಲೆಲ್ಲ ಜಲಜ ಮುಖ ತಿರುಗಿಸಿ ನಕ್ಕಳು.

“ನನ್ ಪಾಲ್ ಬೇಯ್ಸಿ ಕೊಡ್ತ್ರಾ? ಹಸಿವಾತಿತ್ತ್,” ಎಂದು ಪಾಲಿಗೆ ಬಂದ ಬಂಗುಡೆ ಮೀನು ಹಿಡಿದು ಕೇಳಿದ.

ಅವಳು ಬೇಡವೆನ್ನಲಿಲ್ಲ. ಅವಳ ಮನೆಯ ಜಗಲಿಯಲ್ಲಿ ಪಕ್ಕದ ಮನೆಯ ರತ್ನತ್ತೆ ಕಾವಲಿಗೆಂಬಂತೆ ಕೂತಿದ್ದರು, ಕಿವಿ ಮಾತ್ರ ಒಳಗೆ. ಜಲಜ ಅವನಿಗೆ ಅನ್ನ, ಮೀನುಸಾರು ಬಡಿಸಿದಳು.

“ನಿಮ್ದ್?”

“ನಂದ್ ಆಯ್ತ್.”

ಸುಳ್ಳೆಂದು ಯಾರಿಗಾದರೂ ತಿಳಿಯುತ್ತಿತ್ತು. ಅವನು ಉಣ್ಣದೆ ಕೈ ತಡೆದ. ಜಲಜ ಒಲೆಯ ಬದಿಯ ಕತ್ತಲೆಯನ್ನೇ ನೋಡುತ್ತಿದ್ದಳು.

“ತೊಂಬತ್ತೇಳರ ಮಳೆಗಾಲ. ನಂಗಾಗ ಹತ್ತ್ ವರ್ಷ. ಕಡಲಿಗೆ ಇಳೂಕ್ ಆತಿರ್ಲಿಲ್ಲೆ, ಮನೆಯಗೆ ಅಕ್ಕಿ ಇಲ್ಲೆ. ಅಬ್ಬಿ ಇದ್ದದ್ದೆಲ್ಲ ನಂಗೆ ಬಡ್ಸಿ, ‘ನಂದ್ ಆಯ್ತ್ ಮಗಾ’ ಅಂತಿದ್ಲ್. ಒಂದಿನ ಆ ಒಲೆ ಬದಿಯಗೇ ಬಿದ್ದವ್ಳ್ ಏಳ್ಲಿಲ್ಲೆ. ಈಗ್ಳೂ ಅಲ್ಲೇ ಕೂಕಂಡ್ ನನ್ನೇ ಕಾಂತ್ಲ್. ಯಾರ ಎದುರ್ ಕೂತ್ರೂ ನಂಗ್ ತುತ್ತ್ ಇಳೂದಿಲ್ಲೆ. ಊರವ್ರೆಲ್ಲ ಎಂಥಾ ತ್ಯಾಗ ಅಂತ್ರ್.”

ಪ್ರೇಮಾನಂದನಿಗೆ ಸಿಟ್ಟೇ ಬಂತು.

“ತ್ಯಾಗ ಎಂತದ್? ಅವ್ರ್ ಪಾಲಿನ ಅನ್ನ ಅವ್ರಿಗೆ ಸಿಕ್ಕಬೇಕಿತ್ತ್. ಸಿಕ್ಕದೇ ಹೋದ್ದ್ ಅನ್ಯಾಯ.”

ಇಷ್ಟು ವರ್ಷ ಹಾಗೆ ಹೇಳಿದವರೇ ಇರಲಿಲ್ಲ. ಜಲಜ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ತಾಯಿಯ ಪಾಲೆಂದು ಒಲೆಯ ಬದಿಗೆ ಒಂದು ಬಟ್ಟಲು ಅನ್ನ ಇಟ್ಟು, ತನಗೂ ಬಡಿಸಿಕೊಂಡು, ಅವನೆದುರೇ ಕೂತಳು.

“ಅಬ್ಬಿ ಕಾಂತಾ ಇದ್ಲ್,” ಎಂದಳು ಪಿಸುದನಿಯಲ್ಲಿ.

“ಕಾಣ್ಲಿ. ಅವ್ರ್ ಮಗಳನ್ನ ಕೇಳೂಕೆ ಬಂದವ ನಾನ್. ಉಂಡಾದ್ಮೇಲೆ ಅವ್ರತ್ರವೇ ಕೇಳ್ತೆ.”

ಜಲಜ ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿದಳು.

“ಹಂಗಾರೆ ಬೇಗ ಉಣ್ಣಿ,” ಎಂದಳು.