ಎಣ್ಣೆ ಅಂಗಡಿಯ ದಕ್ಷಿಣ ಗೋಡೆ

"ಆ ಗೋಡೆ ತಂಟೆಗೆ ಮಾತ್ರ ಹೋಗಬ್ಯಾಡಿ ಕಣಪ್ಪ. ಮಿಕ್ಕಿದ್ದು ಏನ್ ಬೇಕಾದ್ರೂ ಮಾಡ್ಕೊಳಿ" ಎಂದರು ಅಂಗಡಿಯ ಒಡತಿ ಇಂದ್ರಮ್ಮ.

ಯೋಗೇಂದ್ರ ನಕ್ಕುಬಿಟ್ಟ. ಸಿವಿಲ್ ಡಿಪ್ಲೊಮಾ ಓದಿದವನಿಗೆ ಗೋಡೆಯ ಬಗ್ಗೆ ಬುದ್ಧಿವಾದ! ಅಶೋಕಪುರಂನ ಈ ಹಳೆಯ ಎಣ್ಣೆ ಅಂಗಡಿಯನ್ನು ಅವನು ಬಾಡಿಗೆಗೆ ಹಿಡಿದದ್ದೇ ಕಟ್ಟಡದ ಚೆಲುವಿಗೆ ಮರುಳಾಗಿ. ಮುಂದೆ ಕಲ್ಲು ಹಾಸಿದ ಜಗಲಿ, ಹಲಗೆ ಜೋಡಿಸಿ ಮುಚ್ಚುವ ಬಾಗಿಲು, ತೇಗದ ತೊಲೆಗಳ ಮೇಲೆ ಮದ್ರಾಸ್ ತಾರಸಿ, ಬೆರಳು ಜಾರುವಷ್ಟು ನುಣುಪಾದ ಗಾರೆ. ಇಲ್ಲಿ ಬೇಕರಿ ಇಟ್ಟರೆ ಜನ ಫೋಟೊ ತೆಗೆಯಲಾದರೂ ಬರುತ್ತಾರೆಂದು ಹೆಂಡತಿ ಬಿಂದುವನ್ನು ಒಪ್ಪಿಸಿದ್ದ. ಕತ್ತಲೊಂದೇ ಕೊರತೆ. ದಕ್ಷಿಣದ ಗೋಡೆಯಲ್ಲಿ ಆಳೆತ್ತರದ ತೇಪೆಯಿತ್ತು; ಸುತ್ತಲೂ ಗಾರೆ, ಅಲ್ಲಿ ಮಾತ್ರ ಬರೀ ಮಣ್ಣು. ಮುಚ್ಚಿದ ಹಳೆಯ ಬಾಗಿಲಿರಬೇಕು, ತೆರೆದರೆ ಓಣಿಯ ಬೆಳಕು ಬರುತ್ತದೆ ಎಂದುಕೊಂಡ. ಬಾಗಿಲಾಗಿದ್ದರೆ ಮೇಲೊಂದು ಕಮಾನು, ಕೆಳಗೊಂದು ಹೊಸ್ತಿಲು ಇರಬೇಕಿತ್ತಲ್ಲ. ಓದಿದ ಮಹಾಶಯನಿಗೆ ಅದು ಹೊಳೆಯಲಿಲ್ಲ.

"ಅದು ಬಾಗ್ಲಲ್ಲ. ನಮ್ಮ ಯಜಮಾನ್ರಿಗೆ ಪಾಲುದಾರ ಮಾಟ ಮಾಡಿಸ್ದ. ಕೆಟ್ಟ ನಕ್ಷತ್ರದಲ್ಲಿ ಹೋಗ್ಬುಟ್ರು. ಅಂಥ ಹೆಣಾನ ಬಾಗ್ಲಲ್ಲಿ ಆಚೆಗೆ ತರಂಗಿಲ್ಲ, ಗೋಡೆ ಒಡೆದು ತಂದ್ರು. ಹೋದದ್ದು ತಿರುಗಿ ಬರದಂಗೆ ಮಂತ್ರದ ತಗಡು ಇಟ್ಟು ಮುಚ್ಚಿದ್ರು."

"ಬಂದ್ರೆ ಒಂದು ಬನ್ನು ಕೊಟ್ಟು ಕಳಿಸ್ತೀನಿ ಬಿಡಿ ಇಂದ್ರಮ್ಮೋರೇ."

ಕೂಲಿಯವರು ಒಪ್ಪಲಿಲ್ಲ. ಮಾರನೆಯ ಮಧ್ಯಾಹ್ನ ತಾನೇ ಹಾರೆ ಹಿಡಿದ. ಮಣ್ಣು ಸಲೀಸಾಗಿ ಉದುರಿತು. ಸುರುಳಿ ಸುತ್ತಿದ ತಾಮ್ರದ ತಗಡೊಂದು ಬಿತ್ತು. ಅದನ್ನು ಕಾಲಿನಿಂದ ಸರಿಸಿದ. ಕಮಟು ಎಣ್ಣೆಯ ವಾಸನೆ, ಅದರೊಳಗೆ ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಅಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದ ಬಿಂದು ಓಣಿಯಲ್ಲಿ ಕಾಣಿಸಿದಳು.

"ಬಾಗ್ಲು ಆಗೇಹೋಯ್ತೇನ್ರೀ?" ಎಂದು ನಗುತ್ತ ಆ ಕಂಡಿಯೊಳಗೆ ಕಾಲಿಟ್ಟಳು.

ಒಳಗೆ ಬಂದವಳ ಮುಖದಲ್ಲಿ ನಗುವಿರಲಿಲ್ಲ. ಕೈಯಲ್ಲಿ ಕ್ಯಾರಿಯರ್ ಇರಲಿಲ್ಲ. ಸೀದಾ ಹೋಗಿ ಮೂಲೆಯಲ್ಲಿ ಕೂತಳು. ಮುಟ್ಟಿ ನೋಡಿದರೆ ಮೈ ಮಂಜಿನಂತೆ ಕೊರೆಯುತ್ತಿತ್ತು. ಅವನ ಕೂಗಿಗೆ ಓಡಿಬಂದ ಇಂದ್ರಮ್ಮ ಅವಳನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮಾಟ ತೆಗೆಯೋ ಬೀರಯ್ಯನ್ನ ಕರ್ಕೊಬತ್ತೀನಿ. ನಾನು ಬರೋಗಂಟ ಗೋಡೆ ಮುಟ್ಟಬ್ಯಾಡಿ. ಮುಚ್ಚಲೂ ಬ್ಯಾಡಿ!"

ಹೊತ್ತು ಇಳಿಯಿತು. ಇಂದ್ರಮ್ಮನ ಸುಳಿವಿಲ್ಲ. ಬಿಂದು ಗಡಗಡ ನಡುಗತೊಡಗಿದಳು, ಹಲ್ಲುಗಳು ಕಟಕಟ ಎಂದವು.

"ಚಳಿ ರೀ. ಮುಚ್ಚಿಬುಡಿ."

ಕಣ್ಣೆದುರೇ ಹೆಂಡತಿ ಸಾಯುತ್ತಿದ್ದಾಳೆ ಎನಿಸಿತು. ಬಿಂದು ಇಲ್ಲದೆ ಅವನಿಗೆ ಬದುಕೇ ಬೇಕಿರಲಿಲ್ಲ. ಮಣ್ಣು ಕಲಸಿದ. ಇಟ್ಟಿಗೆ ಎತ್ತಿದ. ತಗಡನ್ನು ನಡುವೆ ಇಟ್ಟ. ಸಾಲು ಏರಿತು. ಬೆಳಕು ಕಿರಿದಾಯಿತು. "ಬೇಗ" ಎಂದಳು. ಇನ್ನೊಂದು ಸಾಲು. ಇನ್ನೊಂದು. ಕೊನೆಯ ಇಟ್ಟಿಗೆ. ಕತ್ತಲು.

ಅವಳ ನಡುಕ ನಿಂತಿತು. ಅವನು ಕುಸಿದು ಕೂತು ಚಿಕ್ಕ ಮಗುವಿನಂತೆ ಅತ್ತ.

ಆಗ ಗೋಡೆಯ ಆಚೆಯಿಂದ ಯಾರೋ ತಟ್ಟಿದರು.

"ರೀ! ಎಷ್ಟೊತ್ತಿಂದ ಕೂಗ್ತಿದೀನಿ, ನನ್ನ ಕಡೆ ನೋಡ್ತಾನೇ ಇಲ್ವಲ್ಲ! ಯಾಕ್ರೀ ಗೋಡೆ ಕಟ್ಟಿದ್ರಿ? ಯಾರೋ ನನ್ನ ಎತ್ಕೊಂಡು ಹೋಗ್ತಿದಾರೆ... ರೀ..."

ಬಿಂದುವಿನದೇ ದನಿ. ಹಾರೆ ಎತ್ತಿ ಬಡಿದ. ಹಸಿ ಮಣ್ಣು ಕಲ್ಲಾಗಿತ್ತು. ಬಡಿದ. ಬಡಿದ. ದನಿ ದೂರವಾಯಿತು. ಮುಂಬಾಗಿಲಿನಿಂದ ಓಣಿಗೆ ಓಡಿದ. ಕ್ಯಾರಿಯರ್ ಉರುಳಿ ಬಿದ್ದಿತ್ತು, ಅನ್ನ ಚೆಲ್ಲಿತ್ತು. ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಇಂದ್ರಮ್ಮನ ಜೊತೆ ಬಂದ ಬೀರಯ್ಯ ಗೋಡೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟ.

"ಒಳಗೆ ಕೂತಿರೋದು ಆಯಮ್ಮ ಅಲ್ಲ. ಕಂಡಿ ತೆರೆದಿದ್ದಾಗ ಹೆಸರಿಡಿದು ಕರೆದಿದ್ರೆ ಆಯಮ್ಮ ಒಳಕ್ ಬಂದ್ಬುಡೋರು. ಯಾರ್ ಸ್ವಾಮಿ ಇದನ್ನ ಮುಚ್ಚಿದ್ದು?"

"ನಾನೇ" ಎಂದ ಯೋಗೇಂದ್ರ.

ಅಂಗಡಿಯೊಳಗಿನಿಂದ ಬಿಂದುವಿನ ದನಿ "ರೀ" ಎಂದು ಕರೆಯಿತು. ಹೋಗಬೇಡಿ ಎಂದು ಇಂದ್ರಮ್ಮ ಕೈ ಹಿಡಿದು ಜಗ್ಗಿದರು. ಅವನಿಗೆ ಅವಳದೆಂದು ಉಳಿದದ್ದು ಆ ದನಿಯೊಂದೇ. ಮಣ್ಣಿನ ಕೈಯಿಂದಲೇ ಕಣ್ಣೊರೆಸಿಕೊಂಡು ಒಳಗೆ ಹೋದ.